ಅರ್ಧ ಸುತ್ತಿನ ಗೀರು

ಶನಿವಾರದ ಪಾಠ ಮುಗಿಯುವುದಕ್ಕೂ ಮಳೆ ಹಿಡಿದುಕೊಳ್ಳುವುದಕ್ಕೂ ಸರಿಹೋಯಿತು. ಹಳೆಯ ಗಾಜಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದ ನಾಲ್ವರಲ್ಲಿ ಒಬ್ಬರೂ ಕೊಡೆ ತಂದಿರಲಿಲ್ಲ. ತಂದಿದ್ದರೂ ಆ ಮಳೆಗೆ ಅದು ಯಾವ ಮೂಲೆಗೆ? ತಗಡಿನ ಮಾಡು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕಪಾಟಿನಲ್ಲಿದ್ದ ಬಟ್ಟಲು, ಹೂಜಿ, ಸೀಸೆಗಳೆಲ್ಲ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

ಪಾಠ ಹೇಳುವ ಮುದುಕರನ್ನು ಆ ಬೀದಿಯವರೆಲ್ಲ ಭೂತಗನ್ನಡಿ ತಾತ ಎನ್ನುತ್ತಿದ್ದರು. ವಯಸ್ಸು ಎಂಬತ್ತು ದಾಟಿತ್ತು. ಕೊರಳಲ್ಲಿ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿಯನ್ನು ಸ್ನಾನಕ್ಕೆ ಹೋದಾಗಲೂ ಕಳಚುವುದಿಲ್ಲವೆಂದು ಸುದ್ದಿ. ನಿಜವಾದ ಹಳೆಯ ಗಾಜು ಯಾವುದು, ಹಳೆಯ ವೇಷ ಹಾಕಿಕೊಂಡ ಹೊಸ ಗಾಜು ಯಾವುದು ಎಂದು ಕಂಡುಹಿಡಿಯುವುದನ್ನು ಅವರು ಕಲಿಸುತ್ತಿದ್ದರು. ವಕೀಲರು ಬರುತ್ತಿದ್ದದ್ದು ಹರಾಜಿನಲ್ಲಿ ಒಮ್ಮೆ ಟೋಪಿ ಹಾಕಿಸಿಕೊಂಡ ಸಿಟ್ಟಿಗೆ, ಔಷಧಿ ಅಂಗಡಿಯವರು ಹಳೆಯ ಸೀಸೆಗಳ ಹುಚ್ಚಿಗೆ, ಚಿತ್ರದ ಮೇಷ್ಟ್ರು ಮನೆಯಲ್ಲಿ ಕುಳಿತರೆ ಹೆಂಡತಿ ಕೆಲಸ ಹೇಳುತ್ತಾಳೆಂಬ ಭಯಕ್ಕೆ.

ಟೈಲರಮ್ಮನ ಕಾರಣ ಬೇರೆ. ಅವಳ ಗಂಡ ಇದ್ದಷ್ಟು ದಿನವೂ ಗುಜರಿ ಅಂಗಡಿ ಸುತ್ತಿ ಹಳೆಯದೆಂದು ನಂಬಿ ಗಾಜಿನ ಸಾಮಾನು ಹೊತ್ತು ತರುತ್ತಿದ್ದ. ನೆಂಟರಿಷ್ಟರೆಲ್ಲ ಅವನನ್ನು ಪೆದ್ದನೆಂದು ನಗುತ್ತಿದ್ದರು. ಅವಳೂ ನಕ್ಕಿದ್ದಳು. ಅವನು ಸತ್ತು ಎರಡು ವರ್ಷವಾದ ಮೇಲೆ, ಪಾಪ ಅವನು ನಿಜಕ್ಕೂ ಮೋಸ ಹೋಗಿದ್ದನೇ ಎಂದು ತಿಳಿಯದೆ ಅವಳಿಗೆ ನಿದ್ದೆ ಬಾರದಂತಾಯಿತು. ವಾರಕ್ಕೊಂದರಂತೆ ಅವನ ಸಾಮಾನು ತಂದು ತಾತನ ಮುಂದಿಡುತ್ತಿದ್ದಳು. ಹದಿನಾರರಲ್ಲಿ ಹದಿನೈದು ನಕಲಿ. ಇವತ್ತು ತಂದ ಹೂಜಿಯ ಬಾಯಿ ಒಡೆದದ್ದನ್ನು ಮುಚ್ಚಲು ಯಾರೋ ಅಂಚನ್ನೇ ಸಾಣೆ ಹಿಡಿದು ಇಳಿಸಿದ್ದರು. ಹಳೆಯ ಅಂಚು ಬೆಂಕಿಯಲ್ಲಿ ಕರಗಿ ದುಂಡಗಿರುತ್ತದೆ, ಇದು ನೋಡಿ ಚಪ್ಪಟೆ, ಉಗುರು ಸಿಕ್ಕುತ್ತದೆ ಎಂದು ತಾತ ಬೆರಳು ಮುಟ್ಟಿಸಿ ತೋರಿಸಿದಾಗ ಅವಳ ಕಣ್ಣು ತುಂಬಿತ್ತು.

ಸಾಲದ್ದಕ್ಕೆ ಅವಳಿಗೆ ಇವತ್ತು ಅವಸರ ಬೇರೆ. ಬೀರುವಿನಲ್ಲಿ ಇಲಿ ಸೇರಿಕೊಂಡಿದೆ, ದಿನಾ ಸಂಜೆ ಸದ್ದು ಮಾಡುತ್ತದೆ, ಅಂಗಡಿ ಮುಚ್ಚುವ ಮೊದಲು ಬೋನು ಕೊಳ್ಳಬೇಕು ಎಂದು ಬಂದಾಗಿನಿಂದ ಗೊಣಗುತ್ತಿದ್ದಳು.

"ಮಳೆ ನಿಲ್ಲೋತನಕ ಸುಮ್ನೆ ಯಾಕೆ ಕೂತ್ಕೋಬೇಕು, ಒಂದು ಪರೀಕ್ಷೆ ಮಾಡೋಣ" ಎಂದರು ತಾತ.

ಕಿಟಕಿಯ ಪಕ್ಕದಲ್ಲಿ ಅಮೃತಶಿಲೆಯ ಒಂದು ದುಂಡು ಮೇಜಿತ್ತು. ಅದರ ಎರಡು ಬದಿಗೆ ಎರಡು ಕುರ್ಚಿ. ಮೇಜಿನ ಮೇಲೆ ತಾತ ಎರಡು ಲೋಟ ತಂದಿಟ್ಟರು. ಗೇಣುದ್ದದ, ಬಳ್ಳಿಯ ಕೆತ್ತನೆಯಿದ್ದ, ನೋಡಲು ಅವಳಿಜವಳಿ ಲೋಟಗಳು. ಹತ್ತಿರದಿಂದ ನೋಡೋಣವೆಂದು ವಕೀಲರು ಕುರ್ಚಿ ಎಳೆಯಲು ಹೋದರೆ ತಾತನ ಊರುಗೋಲು ಅಡ್ಡ ಬಂತು. ಅದಕ್ಕೆ ಜನ ಇದ್ದಾರೆ, ನಿಂತೇ ನೋಡಿ ಎಂದರು. ವಕೀಲರು ತಮಾಷೆಯೆಂದುಕೊಂಡು ನಕ್ಕರು.

"ಇದ್ರಲ್ಲಿ ಒಂದು, ನನ್ನ ಮುತ್ತಜ್ಜನ ಕಾಲದ್ದು. ಇನ್ನೊಂದನ್ನ ಮಾಡಿದ್ದು ಈ ಕೋಣೇಲೇ, ನನ್ನ ಕಣ್ಣೆದುರಿಗೇ. ಯಾವ್ದು ಯಾವ್ದು ಅಂತ ಚೀಟೀಲಿ ಬರೀರಿ, ಮಡಚಿ ಜೇಬಲ್ಲಿ ಇಟ್ಕೊಳ್ಳಿ. ಬಾಯಲ್ಲಿ ಮಾತ್ರ ಹೇಳ್ಬೇಡಿ."

ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಅಂಚು ಮುಟ್ಟಿದರೆ ಎರಡೂ ದುಂಡಗಿದ್ದವು. ಉಗುರಿನಿಂದ ತಟ್ಟಿದರೆ ಎರಡೂ ಬಹಳ ಹೊತ್ತು ಹಾಡಿದವು. ತಿರುಗಿಸಿ ತಳ ನೋಡಿದರೆ, ಮೇಜಿಗೆ ತಾಗುವ ಬಳೆಯಷ್ಟು ಜಾಗದಲ್ಲಿ ಮಾತ್ರ ಕೂದಲೆಳೆಯಂಥ ಗೀರುಗಳು, ದಿಕ್ಕಿಲ್ಲದ ಗೀರುಗಳು, ನಡುವೆ ಕೆಲವು ಕಮಾನಿನಂತೆ ಬಾಗಿದವು. ಇಷ್ಟು ದಿನ ಕಲಿತದ್ದರಲ್ಲಿ ನಕಲಿ ಎನ್ನಲು ಒಂದು ಕುರುಹೂ ಇರಲಿಲ್ಲ. ಔಷಧಿ ಅಂಗಡಿಯವರು ತಡೆಯಲಾರದೆ, "ತಾತ, ಇವೆರಡೂ ಅಸ..." ಎನ್ನುವಷ್ಟರಲ್ಲಿ ಊರುಗೋಲು ನೆಲಕ್ಕೆ ಬಡಿಯಿತು. ತಾತನ ಮುಖದಲ್ಲಿ ಎಂದೂ ಕಾಣದ ಗಾಬರಿ ಕಂಡು ಟೈಲರಮ್ಮ ತನ್ನ ಚೀಟಿಯನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಆಮೇಲೆ ತಾತ ದೀಪ ಹಚ್ಚದೆಯೇ ತಮ್ಮ ಮೋಟು ಸ್ಟೂಲಿನ ಮೇಲೆ ಕುಳಿತು, ಮೇಜಿನ ಕಡೆಗೆ ಒಮ್ಮೆ ನೋಡಿ, ಶುರುಮಾಡಿದರು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ... ಈ ಮನೇಲಿ ಎರಡೂ ಆಗಿದೆ. ಕೇಳಿ ಹಾಗಾದ್ರೆ.

"ಈ ಅಂಗಡಿ ನನ್ನ ಭಾವಂದು. ನನಗೆ ಏಳು ವರ್ಷ ಆಗಿದ್ದಾಗ ಅಮ್ಮ ಹೋದ್ಲು. ಅಕ್ಕ ಮದುವೆಯಾಗಿ ಈ ಮನೆಗೆ ಬರೋವಾಗ ಒಂದು ಕೈಲಿ ಬಟ್ಟೆ ಗಂಟು, ಇನ್ನೊಂದು ಕೈಲಿ ನನ್ನನ್ನ ಹಿಡ್ಕೊಂಡು ಬಂದ್ಲು. ಒಂದು ತಂದ್ರೆ ಒಂದು ಪುಕ್ಕಟೆ ಅಂತ ಭಾವ ಸಾಯೋತನಕ ನನ್ನ ರೇಗಿಸ್ತಿದ್ರು. ಅಂಥಾ ಮನುಷ್ಯ. ಒಡೆದದ್ದನ್ನ ಸರಿಮಾಡೋದು ಅವರ ಕೆಲಸ. ಸಾಣೆಚಕ್ರದ ಮೇಲೆ ನೀರು ತೊಟ್ಟಿಕ್ತಾ ಇರಬೇಕು, ಅವರು ಬಗ್ಗಿ ಕೂತಿರಬೇಕು, ಗಾಜು ಗುಂಯ್ ಅಂತಿರಬೇಕು... ಈಗ್ಲೂ ಆ ಸದ್ದು ಕಿವೀಲಿದೆ. ಆದ್ರೆ ಅಂಗಡಿಗೆ ಹೆಸರು ಬಂದಿದ್ದು ಭಾವನ ಕೈಯಿಂದಲ್ಲ, ಅಕ್ಕನ ಕಣ್ಣಿಂದ.

"ಎಂಥಾ ಕಣ್ಣು ಅಂತೀರಿ... ಲೋಟ ಕೈಗೆ ಕೊಟ್ರೆ ಕೆತ್ತನೆ ನೋಡ್ತಿರಲಿಲ್ಲ, ಬಣ್ಣ ನೋಡ್ತಿರಲಿಲ್ಲ, ಮೊದಲು ಕವುಚಿ ತಳ ನೋಡೋಳು. ಮುಖ ಯಾರು ಬೇಕಾದ್ರೂ ತೊಳ್ಕೊಂಡು ಬರ್ತಾರೆ ಕಣೋ, ಪಾದ ನೋಡು, ಎಷ್ಟು ದೂರ ನಡೆದಿದ್ದಾನೆ ಅಂತ ಗೊತ್ತಾಗುತ್ತೆ ಅನ್ನೋಳು. ನಿಮಗೆ ನಾನು ಹೇಳಿಕೊಟ್ಟಿದ್ದೆಲ್ಲ ಅವಳದ್ದೇ ಮಾತು. ಒಂದು ಲೋಟವನ್ನ ದಿನಾ ಎತ್ತಿ, ದಿನಾ ಇಟ್ಟು, ಐವತ್ತು ವರ್ಷ, ನೂರು ವರ್ಷ ಕಳೆದ್ರೆ ತಾನೇ ತಳ ಸವೆಯೋದು? ಒಂದು ಗೀರು ಆ ಕಡೆ, ಒಂದು ಈ ಕಡೆ, ಒಂದು ಆಳ, ಒಂದು ತೇಲು. ಮೋಸಗಾರ ಅದನ್ನೇ ಉಪ್ಪುಕಾಗದದಲ್ಲಿ ಒಂದು ಗಳಿಗೇಲಿ ತಿಕ್ತಾನೆ. ಆಗ ಗೀರೆಲ್ಲ ಒಂದೇ ದಿಕ್ಕು, ಒಂದೇ ಆಳ; ಮೇಜಿಗೆ ತಾಗದ ಗುಳಿಯೊಳಗೂ ಗೀರು. ಕಾಲಕ್ಕೆ ಅವಸರ ಇಲ್ಲ, ಕಳ್ಳನಿಗೆ ಇದೆ... ಅಷ್ಟೇ ವ್ಯತ್ಯಾಸ.

"ಅಕ್ಕ ಚೀಟಿ ಬರೆದುಕೊಡ್ತಿರಲಿಲ್ಲ. ನೋಡಿ ಬಾಯಲ್ಲಿ ಹೇಳೋಳು. ನಕಲಿ ಅಂದ್ರೆ ನಕಲಿ. ಅದರ ಎದುರು ಮಾತು ಇದೆಯಲ್ಲ, ಅದು ಅವಳ ಬಾಯಿಂದ ಬಂತೋ, ಆಯ್ತು, ಹರಾಜಿನವರೂ ತಲೆಬಾಗಬೇಕು. ದಾಕ್ಷಿಣ್ಯಕ್ಕೆ ಬಸುರಾಗೋ ಹೆಂಗಸಲ್ಲ. ಒಬ್ಬ ದೊಡ್ಡ ಮನುಷ್ಯ ತನ್ನ ತಾತನ ಬಟ್ಟಲು ಅಂತ ತಂದು ಇಲ್ಲೇ ನಿಂತಿದ್ದಾಗ, ನಿಮ್ಮ ತಾತ ಇದನ್ನ ಹೋದ ವರ್ಷ ಕೊಂಡ್ರಾ ಅಂತ ಕೇಳಿಬಿಟ್ಲು. ಭಾವ ಒಳಗೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿದ್ರು.

"ಇನ್ನು ಆ ಜೋಡಿ ಲೋಟ. ನಮ್ಮಮ್ಮನ ಕಡೆಯಿಂದ ಅಕ್ಕನಿಗೆ ಬಂದಿದ್ದು ಅದೊಂದೇ. ದಿನಾ ಸಂಜೆ, ಸರಿಯಾಗಿ ಈ ಹೊತ್ತಿಗೆ, ಅಂಗಡಿ ಬಾಗಿಲು ಎಳೆದು ಇಬ್ಬರೂ ಆ ಮೇಜಿಗೆ ಬರೋರು. ಲೋಟದ ತುಂಬ ತಣ್ಣೀರು. ಅಷ್ಟೇ. ದಿನವಿಡೀ ಗಾಜಿನ ಪುಡೀಲಿ ಕೂತು ಗಂಟಲು ಒಣಗಿರೋದಲ್ವಾ... ಮಾತೂ ಇಲ್ಲ ಹೆಚ್ಚು. ಅಕ್ಕ ಲೋಟ ಇಟ್ರೆ ನೇರಕ್ಕೆ, ಟಕ್ ಅಂತ. ಭಾವನಿಗೆ ಒಂದು ಅಭ್ಯಾಸ. ಇಟ್ಟ ಮೇಲೆ ಬೆರಳಲ್ಲಿ ಹಿಡಿದೇ ಅರ್ಧ ಸುತ್ತು ತಿರುಗಿಸೋರು, ಸೀಸೆಗೆ ಮುಚ್ಚಳ ತಿರುಪೋ ಹಾಗೆ. ಟಕ್... ಸರ್. ಕಲ್ಲು ಗೀರ್ತೀರಿ ಅಂತ ಅಕ್ಕ ಬೈಯೋಳು. ಮಾರನೇ ದಿನ ಮತ್ತೆ ಟಕ್... ಸರ್. ಹೀಗಾಗಿ ಭಾವನ ಲೋಟದ ತಳದಲ್ಲಿ ಬೇರೆ ಎಲ್ಲೂ ಇಲ್ಲದ ಒಂದು ಗೀರು, ಕಮಾನಿನ ಹಾಗೆ ಬಾಗಿದ್ದು, ಒಂದರ ಮೇಲೊಂದು.

"ಒಂದು ದಿನ ಅಕ್ಕನ ಲೋಟದ ಅಂಚಲ್ಲಿದ್ದ ಒಂದು ಸಣ್ಣ ಸೀಳು ಅವಳ ತುಟಿ ಕೊಯ್ತು. ಒಂದು ತೊಟ್ಟು ರಕ್ತ. ಅವಳು ಒರೆಸಿಕೊಂಡು ಮರೆತಳು. ಭಾವ ಮರೀಲಿಲ್ಲ. ಅವಳು ಹೊರಗೆ ಹೋದ ಒಂದು ಮಧ್ಯಾಹ್ನ, ಆ ಸೀಳನ್ನ ನುಣ್ಣಗೆ ಮಾಡಿಬಿಡೋಣ ಅಂತ ಲೋಟವನ್ನ ಚಕ್ರಕ್ಕೆ ಹಿಡಿದ್ರು. ನಲವತ್ತು ವರ್ಷ ಊರವರ ಗಾಜನ್ನೆಲ್ಲ ಸರಿಮಾಡಿದ ಕೈ... ಹಳೇ ಗಾಜಿನ ಹೊಟ್ಟೇಲಿ ಏನೇನು ಬಿಗಿ ಕೂತಿರುತ್ತೋ ಯಾರಿಗೆ ಗೊತ್ತು? ಫಟ್ ಅಂತು. ಕೈಲಿ ಬರೀ ಚೂರು.

"ಹೋಗಿ ಹೇಳಿದ್ರೆ ಆಗ್ತಿತ್ತು. ಎರಡು ದಿನ ಅತ್ತು, ಮೂರನೇ ದಿನ ಬೈದು ಸುಮ್ಮನಾಗ್ತಿದ್ಲು. ಆದ್ರೆ ಅವಳ ಅಮ್ಮನ ಲೋಟ... ಹೇಗೆ ಹೇಳ್ತಾರೆ? ಬಾಯಿ ಬರಲಿಲ್ಲ. ಅದೇ ಆಕಾರದ ಸ್ವಲ್ಪ ಎತ್ತರದ ಇತ್ತೀಚಿನ ಲೋಟ ಒಂದನ್ನ ಹುಡುಕಿ, ಅಂಚು ಇಳಿಸಿ ಅಳತೆಗೆ ತಂದ್ರು, ಬಳ್ಳಿ ಕೆತ್ತಿದ್ರು, ಕೊನೆಗೆ ಆ ಮಹರಾಯರು, ಯಾರ ಮನೇಲಿ ಕೂತು ಏನು ಮಾಡ್ತಿದ್ದೀನಿ ಅನ್ನೋ ಖಬರಿಲ್ಲದೆ, ತಳಕ್ಕೆ ಉಪ್ಪುಕಾಗದ ತಿಕ್ಕಿದ್ರು! ನಾನು ಬಾಗಿಲಲ್ಲಿ ನಿಂತು ನೋಡಿದೆ. ಯಾರಿಗೂ ಹೇಳಬೇಡ ಕಣಯ್ಯಾ ಅಂದ್ರು. ಆ ಸಂಜೆ ತಮ್ಮ ಒಳ್ಳೇ ಲೋಟವನ್ನ ಅಕ್ಕನ ಕಡೆಗಿಟ್ಟು, ಮಾಡಿದ್ದನ್ನ ತಾವು ತಗೊಂಡ್ರು. ನೀರು ಕುಡಿದು ಇಟ್ರು. ಟಕ್... ಸರ್.

"ಸದ್ದು ಕೇಳಿದ್ದೇ ಅಕ್ಕ ತಲೆ ಎತ್ತಿದ್ಲು. ಆ ಲೋಟ ತಗೊಂಡು, ನೀರು ಚೆಲ್ಲಿ, ಕವುಚಿ ನೋಡಿದ್ಲು. ಗಂಡ ಅಂತಲೂ ನೋಡಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. 'ನಕಲಿ. ಮನೇಲೇ, ಅದೂ ನನಗೇ' ಅಂದ್ಲು. ಅಷ್ಟೇ ಮಾತು. ಎದ್ದು ಹೋಗಿ ಆ ಲೋಟವನ್ನ ಸುಳ್ಳಿನ ಕಪಾಟಿಗೆ ಇಟ್ಲು... ಅದೋ, ಆ ಮೂಲೇದು, ಕಲ್ಲು ಹಲಗೇದು. ಸಿಕ್ಕಿಬಿದ್ದ ನಕಲಿಗಳನ್ನೆಲ್ಲ ಬಂದೋರಿಗೆ ತೋರಿಸೋಕೆ ಅಂತ ಅದ್ರಲ್ಲಿ ಇಡ್ತಿದ್ಲು.

"ಭಾವ ಬೆಳ್ಳಗಾದ್ರು. ಮೆಲ್ಲಗೆ, 'ನೀನು ಒಪ್ಪೋ ಹಾಗೆ ಮಾಡ್ತೀನಿ. ಒಪ್ಪಿದ ಮೇಲೇ ಈ ಮೇಜಿಗೆ ಬರ್ತೀನಿ' ಅಂದ್ರು. ಹಟ ಅಲ್ಲ ಅದು... ನಾಚಿಕೆ. ಅವತ್ತಿನಿಂದ ಆ ಕಪಾಟಿನ ಲೋಟ ತಗೊಂಡು ಚಕ್ರದ ಮುಂದೆ ಕೂತೋರು ಏಳಲಿಲ್ಲ. ಚಳಿಗಾಲ, ಮೊಣಕೈತನಕ ತಣ್ಣೀರು, ಎದೆಗೆ ಎರಚಲು. ಅಕ್ಕ ಊಟಕ್ಕೆ ಬನ್ನಿ ಅಂತ ನನ್ನ ಕೈಲಿ ಹೇಳಿಕಳಿಸೋಳು, ತಾನು ಬರ್ತಿರಲಿಲ್ಲ. ಇಬ್ಬರೂ ಇನ್ನೊಬ್ಬರು ಮೊದಲು ಬರಲಿ ಅಂತ ಕಾದ್ರು. ಒಂಬತ್ತನೇ ದಿನ ಭಾವನಿಗೆ ಜ್ವರ ಬಂತು. ಎದೆ ಕಟ್ಟಿತು.

"ಕೊನೇ ದಿನ ನೀರು ಕೇಳಿದ್ರು. ಅಕ್ಕ ಒಳ್ಳೇ ಲೋಟದಲ್ಲಿ ತಂದ್ಲು. ಮುಖ ತಿರುಗಿಸಿದ್ರು. ದಿಂಬಿನ ಕೆಳಗಿಂದ ತಮ್ಮ ಲೋಟ ತೆಗೆದು ಅವಳ ಕೈಗೆ ಕೊಟ್ಟು, 'ಈಗ ನೋಡೆ. ಈಗ ಹೇಗಿದೆ' ಅಂದ್ರು. ಒಂದು ಮಾತು... ನೀವಾದ್ರೆ ಹೇಳ್ತಿರಲಿಲ್ವಾ? ನಾನಾದ್ರೆ ಹೇಳ್ತಿರಲಿಲ್ವಾ? ಸಾಯೋ ಮನುಷ್ಯನ ಮುಂದೆ ಒಂದು ಸುಳ್ಳು ಹೇಳಿದ್ರೆ ಯಾವ ಗಂಟು ಹೋಗ್ತಿತ್ತು? ಅವಳ ಕೈಗೆ ಬಂದಿದ್ದು ಗಾಜು ನೋಡಿ. ಕೈ ತಾನಾಗೇ ಅದನ್ನ ಕವುಚಿತು, ಕಣ್ಣು ತಾನಾಗೇ ತಳ ನೋಡಿತು, ಬಾಯಿ ತಾನಾಗೇ ಹೇಳಿತು. 'ಇನ್ನೂ ಸಾಲದು.'

"ಭಾವ ತಲೆ ಆಡಿಸಿದ್ರು, ಹ್ಞೂಂ ಅನ್ನೋ ಹಾಗೆ. ನೀರು ಕುಡೀಲೇ ಇಲ್ಲ. ಹೋಗಿಬಿಟ್ರು."

ತಾತ ನಿಲ್ಲಿಸಿದರು. ಹೊರಗೆ ಮಳೆ ಸ್ವಲ್ಪ ತಗ್ಗಿತ್ತು, ಆದರೆ ಯಾರೂ ಏಳಲಿಲ್ಲ. ಟೈಲರಮ್ಮನಿಗೆ ತನ್ನ ಗಂಡ ಕೊನೆಯ ಬಾರಿ ಒಂದು ಹಸಿರು ಸೀಸೆ ತಂದು, ನೋಡೇ ಹೇಗಿದೆ ಎಂದು ಬಾಗಿಲಲ್ಲೇ ನಿಂತದ್ದು ನೆನಪಾಯಿತು. ಇನ್ನೊಂದು ಕಸವೇ ಎಂದು ಅವಳು ಹೊಲಿಗೆಯಂತ್ರದಿಂದ ತಲೆಯೆತ್ತದೆ ಹೇಳಿದ್ದಳು.

"ಮಣ್ಣು ಮಾಡಿ ಬಂದು, ಹಾಸಿಗೆ ಬಟ್ಟೆ ತೆಗೆಯೋವಾಗ ಅಕ್ಕನಿಗೆ ಭಾವನ ಪೆಟ್ಟಿಗೇಲಿ ಒಂದು ಗಂಟು ಸಿಕ್ತು. ಒಡೆದ ಲೋಟದ ಚೂರು. ಅಂಚಿನ ಚೂರಲ್ಲಿ ಆ ಸೀಳು ಅರ್ಧ ನುಣ್ಣಗಾಗಿತ್ತು, ಅರ್ಧ ಹಾಗೇ ಇತ್ತು. ಅವಳಿಗೆ ಬಿಡಿಸಿ ಹೇಳಬೇಕಾ? ತನ್ನ ತುಟಿ ಕೊಯ್ದ ಜಾಗ ಅದು ಅಂತ ಅವಳಿಗೆ ಗೊತ್ತು. ಅವತ್ತು ಅವಳು ಅತ್ತಿದ್ದನ್ನ ನಾನು ಹೇಳಲ್ಲ... ನನ್ನಿಂದ ಆಗಲ್ಲ.

"ಮಾಡಿದ ಲೋಟವನ್ನ ಒರೆಸಿ, ಸುಳ್ಳಿನ ಕಪಾಟಲ್ಲಿ ಇಟ್ಟು ಬೀಗ ಹಾಕಿದ್ಲು. ಸಂಜೆ ಮೇಜಿಗೆ ಒಬ್ಬಳೇ ಬರೋಳು. ಒಂದು ಆರು ತಿಂಗಳು ಕಳೀತು. ಒಂದು ದಿನ ದೂಳು ಹೊಡೆಯೋಕೆ ಕಪಾಟು ತೆಗೆದವಳು ಹಾಗೇ ನಿಂತಳು. ಬಾರೋ ಇಲ್ಲಿ ಅಂತ ಕರೆದ್ಲು. ನೋಡಿದೆ. ಹಲಗೆ ಮೇಲೆ ಒಂದು ಪದರ ದೂಳು, ಯಾವ ಬಟ್ಟಲೂ ಕದಲಿಲ್ಲ. ಆ ಲೋಟದ ಸುತ್ತ ಮಾತ್ರ ದೂಳು ಬಳಿದು ಹೋಗಿ, ಕಮಾನಿನ ಹಾಗೆ... ಅರ್ಧ ಸುತ್ತು.

"ತಳ ನೋಡಿದ್ಲು. ಉಪ್ಪುಕಾಗದದ ಸಾಲು ಗೀರುಗಳ ಮೇಲೆ ಒಂದೊಂದೇ, ಒಂದೊಂದೇ, ಬಾಗಿದ ಗೀರು. ತೀರ ತೆಳ್ಳಗೆ. ಆ ಗೀರನ್ನ ಅವಳು ಗುರುತು ಹಿಡಿಯಲ್ವಾ?

"ನನಗೆ ಬೆವರು ಕಿತ್ತುಕೊಂಡು ಬಂತು. ಅಕ್ಕ ಹೆದರಲಿಲ್ಲ. ಬಾಗಿಲ ಚಿಲಕ ಸದ್ದಾದ್ರೆ ಹೆಂಗಸರ ಮುಖ ಒಂಥರ ಆಗುತ್ತಲ್ಲ, ಮನೆಯವರು ಬಂದ್ರು ಅಂತ... ಹಾಗಾಯ್ತು ಅವಳ ಮುಖ. ಅವತ್ತು ಸಂಜೆ ಎರಡೂ ಲೋಟ ಮೇಜಿಗೆ ಬಂದ್ವು. ಎರಡರಲ್ಲೂ ನೀರು. ನಾನು ಈ ಕಡೆ ಕೋಣೇಲಿ ಕೂತಿದ್ದೆ. ಟಕ್. ಅದು ಅಕ್ಕ. ಆಮೇಲೆ... ಟಕ್, ಸರ್.

"ವಾರಕ್ಕೊಂದು ಸಲ ಲೋಟ ಎತ್ತಿ ಪರೀಕ್ಷೆ ಮಾಡೋಳು, ಗಿರಾಕಿ ಮುಂದೆ ಮಾಡೋ ಹಾಗೇ, ಬಾಯಿಬಿಟ್ಟು. ಅಂಚು ಇನ್ನೂ ಚಪ್ಪಟೆ ಇದೆ ರೀ, ಉಗುರು ಸಿಕ್ಕುತ್ತೆ, ಇನ್ನೂ ಸಾಲದು. ಒಂದು ವರ್ಷಕ್ಕೆ ಅಂಚು ದುಂಡಗಾಯ್ತು. ಮೊದಲು ಒಂದೇ ಕಡೆ, ಬಾಯಿ ಇಡೋ ಕಡೆ. ಕೆತ್ತನೆ ಅಂಚು ಹೊಸದು, ಹತ್ತಿ ಸವರಿದ್ರೆ ಎಳೆ ಸಿಕ್ಕಿಕೊಳ್ಳುತ್ತೆ, ಇನ್ನೂ ಸಾಲದು. ಮೂರು ವರ್ಷಕ್ಕೆ ಹತ್ತಿ ಜಾರೋಕೆ ಶುರುವಾಯ್ತು. ದನಿ ಮೊಂಡು ಅಂದ್ಲು... ದನಿ ಹೇಗೆ ಬದಲಾಗುತ್ತೆ? ಗಾಜು ಹುಟ್ಟುವಾಗ ತಂದ ದನಿ ಅದು. ಹತ್ತು ವರ್ಷ ಹಿಡೀತು. ಹತ್ತನೇ ವರ್ಷ ತಟ್ಟಿದ್ರೆ, ಲೋಟ ಹಾಡ್ತು.

"ಅಲ್ಲಿಗೆ ಹೇಳೋಕೆ ದೋಷ ಉಳೀಲಿಲ್ಲ. ನಾನೂ ಅಷ್ಟು ಹೊತ್ತಿಗೆ ಅವಳ ವಿದ್ಯೆ ಕಲಿತಿದ್ದೆ. ಒಂದು ಸಂಜೆ ಅವಳು ಲೋಟ ಕವುಚಿ, ದನಿ ಇನ್ನೂ ಕೂತಿಲ್ಲ, ಸಾಲದು ಅಂದಾಗ ನಾನು ನಕ್ಕು, ಏನಕ್ಕಾ ಕಣ್ಣು ಮಂಜಾಯ್ತಾ, ಇದು ಈಗ... ಅಂತ ಬಾಯಿ ತೆಗೆದೆ. ಹಾರಿ ಬಂದು ನನ್ನ ಬಾಯಿ ಮುಚ್ಚಿದ್ಲು. ಚಿಕ್ಕ ಹುಡುಗ ಇದ್ದಾಗಲೂ ಕೈ ಮಾಡದವಳು, ಉಗುರು ಕೆನ್ನೆಗೆ ಇಳಿಯೋ ಹಾಗೆ ಹಿಡಿದ್ಲು. ಕಿವೀಲಿ ಹೇಳಿದ್ಲು. 'ಹೇಳಬೇಡ ಕಣೋ. ಹೇಳಿದ್ರೆ ಅವರ ಕೆಲಸ ಮುಗೀತು. ಹೋಗಿಬಿಡ್ತಾರೆ.'

"ತಿಳೀತಾ ನಿಮಗೆ? ಒಂದು ಸುಳ್ಳು ಮಾಡಿದ್ರು ಅಂತ ಗಂಡನನ್ನ ಮೇಜಿಂದ ಎಬ್ಬಿಸಿದವಳು, ಆಮೇಲೆ ಹದಿನಾರು ವರ್ಷ ವಾರ ವಾರ ಸುಳ್ಳು ಹೇಳಿ ಅವರನ್ನ ಅದೇ ಮೇಜಲ್ಲಿ ಉಳಿಸ್ಕೊಂಡ್ಲು. ಅವರು ಪಾಪ, ಇನ್ನೇನು ಒಪ್ತಾಳೆ ಅಂತ ದಿನಾ ಬಂದು ಆ ತಳ ಸವೆಸ್ತಾ ಇದ್ರು. ಬಿಡುಗಡೆ ಅವಳ ನಾಲಿಗೆ ತುದೀಲಿತ್ತು. ಕೊಡಲಿಲ್ಲ. ಪಾಪ ಅನ್ನಿ, ಪ್ರೀತಿ ಅನ್ನಿ... ನನಗಂತೂ ಎರಡೂ ಒಂದೇ ಥರ ಕಾಣುತ್ತೆ.

"ಅವಳಿಗೂ ಕಾಲ ಬಂತು. ನನ್ನ ಕೈ ಹಿಡಿದು, 'ಅವರನ್ನ ಬಹಳ ದುಡಿಸಿಬಿಟ್ಟೆ. ನಾನು ಹೋದ ಮೂರನೇ ದಿನ ಲೋಟ ಎತ್ತಿ ಆ ಮಾತು ಹೇಳಿಬಿಡು. ಮಾತು ಕೊಡು' ಅಂದ್ಲು. ಕೊಟ್ಟೆ.

"ಮೂರನೇ ದಿನ ಇದೇ ಹೊತ್ತಿಗೆ ಬಂದೆ. ಭಾವನ ಲೋಟ ಎತ್ತಿ, ಕವುಚಿ, ಬಾಯಿ ತೆಗೆದೆ. ಯಾಕೋ ಏನೋ, ಕಣ್ಣು ಅಕ್ಕನ ಲೋಟದ ಕಡೆ ಹೋಯ್ತು. ಅವಳು ಹಾಸಿಗೆ ಹಿಡಿದ ತಿಂಗಳಿಂದ ಅದನ್ನ ಯಾರೂ ಮುಟ್ಟಿರಲಿಲ್ಲ. ಎತ್ತಿ ನೋಡಿದೆ. ತಳದಲ್ಲಿ ಒಂದು ಹೊಸ ಗುರುತು... ಚುಕ್ಕಿಯಷ್ಟು, ನೇರ. ತಿರುವಿಲ್ಲ, ಬಾಗಿಲ್ಲ. ಟಕ್ ಅಂತ ಇಟ್ಟ ಗುರುತು.

"ನನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಬಟ್ಟೆ ಗಂಟಿನ ಜೊತೆ ನನ್ನನ್ನೂ ಎತ್ತಿಕೊಂಡು ಬಂದವಳು ಅವಳು. ಭಾವನಿಗೆ ಆ ಮಾತು ಹೇಳಿದ್ರೆ ಅವರು ಏಳ್ತಾರೆ. ಅವರು ಎದ್ರೆ ಅವಳು ಕೂತಿರ್ತಾಳಾ? ನೀವೇ ಹೇಳಿ..."

ತಾತ ಕಣ್ಣು ಒರೆಸಿಕೊಳ್ಳಲಿಲ್ಲ.

"'ಇನ್ನೂ ಸಾಲದು' ಅಂದೆ. ಇಪ್ಪತ್ತೆರಡು ವರ್ಷ ಆಯ್ತು, ಅದನ್ನೇ ಅಂತಾ ಇದ್ದೀನಿ. ಕೊಟ್ಟ ಮಾತಿಗೆ ತಪ್ಪಿದೆ, ನಿಜ."

ಮಳೆ ನಿಂತಿತ್ತು. ಕತೆಯುದ್ದಕ್ಕೂ ತಾತ ಆ ಒಂದು ಪದವನ್ನು ತಮ್ಮ ಬಾಯಿಂದ ಹೊರಡಿಸಿರಲಿಲ್ಲವೆಂಬುದು ಟೈಲರಮ್ಮನಿಗೆ ಆಗ ಹೊಳೆಯಿತು. ವಕೀಲರು ಕುರ್ಚಿಯಿಂದ ಎರಡು ಹೆಜ್ಜೆ ದೂರ ಸರಿದು, ತಾವು ಇಂಥದ್ದನ್ನೆಲ್ಲ ನಂಬುವವರಲ್ಲವೆಂದು ಯಾರೂ ಕೇಳದಿದ್ದರೂ ಹೇಳಿದರು. ತಾತ ತಮ್ಮ ಹೂಜಿ ತಂದು ಎರಡು ಲೋಟಕ್ಕೂ ನೀರು ತುಂಬಿ, ಚೀಟಿಗಳಿಗಾಗಿ ಕೈಚಾಚಿದರು. ಮೂರು ಚೀಟಿಗಳನ್ನು ಕಿಟಕಿಯ ಮಬ್ಬು ಬೆಳಕಿನಲ್ಲಿ ಓದಿ, ಶಾಯಿ ಅಳಿಯುವಂತೆ ಹೂಜಿಯ ಉಳಿದ ನೀರಿನಲ್ಲಿ ಮುಳುಗಿಸಿದರು.

ನಾಲ್ಕನೆಯದು ಟೈಲರಮ್ಮನದು. ಎರಡೂ ಅಸಲಿ ಎಂದು ಮೊದಲು ಬರೆದದ್ದನ್ನು ಅವಳು ಕತ್ತಲಲ್ಲೇ ಹೊಡೆದುಹಾಕಿ, ಕೆಳಗೆ ಬೇರೆ ಬರೆದಿದ್ದಳು. ಇನ್ನೂ ಸಾಲದು.

ತಾತ ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಅದನ್ನು ನೀರಿಗೆ ಹಾಕಲಿಲ್ಲ. ಮಡಚಿ ತಮ್ಮ ಜೇಬಿನಲ್ಲಿಟ್ಟುಕೊಂಡರು. ಉಳಿದವರು ಚಪ್ಪಲಿ ಹುಡುಕುತ್ತಿದ್ದಾಗ ಬಾಗಿಲ ಹತ್ತಿರ ಅವಳನ್ನು ತಡೆದರು.

"ಬೀರು ಒಳಗೆ ಇಲಿ ಅಂದ್ಯಲ್ಲಮ್ಮಾ... ಬಟ್ಟೆ ಏನಾದ್ರೂ ಕಡಿದಿದೆಯಾ?"

ಅವಳು ಯೋಚಿಸಿದಳು. ಒಂದು ದಾರವೂ ಕಡಿದಿರಲಿಲ್ಲ.

"ಹಿಕ್ಕೆ?"

ಅದೂ ಇರಲಿಲ್ಲ. ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಬೀರುವಿನ ಕೆಳಗಿನ ಅರೆಯಲ್ಲಿ, ಬಟ್ಟೆಗಳ ಹಿಂದೆ, ಅವನು ದಿನಾ ನೀರು ಕುಡಿಯುತ್ತಿದ್ದ ಗಾಜಿನ ಲೋಟವನ್ನು ಎರಡು ವರ್ಷದ ಹಿಂದೆ ತೊಳೆದು ಇಟ್ಟಿದ್ದಳು. ಆಮೇಲೆ ಅದನ್ನು ಮುಟ್ಟುವ ಧೈರ್ಯವಾಗಿರಲಿಲ್ಲ. ಅವನ ಲೋಟ ಅಲ್ಲಿದೆ ಎಂದು ತಾತನಿಗೆ ಪಿಸುಗುಟ್ಟಿದಳು.

ಹಿಂದೆ, ಕತ್ತಲ ಕೋಣೆಯಲ್ಲಿ, ಕಲ್ಲಿನ ಮೇಲೆ ಗಾಜು ಇಟ್ಟ ಸದ್ದಾಯಿತು. ತಾತ ತಿರುಗಿ ನೋಡಲಿಲ್ಲ. ಕೊರಳಿನ ಭೂತಗನ್ನಡಿಯನ್ನು ತೆಗೆದು ಅವಳ ಕೈಯಲ್ಲಿಟ್ಟರು.

"ಬೋನು ಆಮೇಲೆ ತಗೊಂಡ್ರಾಯ್ತು. ಮೊದಲು ಮನೆಗೆ ಹೋಗಿ ಆ ಲೋಟದ ತಳ ನೋಡು. ನೋಡಿ ಏನು ಕಂಡ್ರೂ... ಬಾಯಿಬಿಟ್ಟು ಹೇಳೋಕೆ ಮುಂಚೆ ಒಂದು ಸಲ ಯೋಚನೆ ಮಾಡಮ್ಮಾ. ಅವನು ಪಕ್ಕದಲ್ಲೇ ಕೇಳಿಸ್ಕೊಳ್ತಾ ಇರ್ತಾನೆ."